ಹಾರ್ಡ್ ಡಿಸ್ಕ್ ಕೈ ಕೊಡ್ತಾ? ಮೊದ್ಲು ಒಳಗಿರೋದನ್ನ ನೋಡಿ

ಕಂಪ್ಯೂಟರ್ ಆನ್ ಮಾಡಿದ್ರೆ ಕಪ್ಪು ಸ್ಕ್ರೀನ್ ಮೇಲೆ ‘ನೋ ಬೂಟಬಲ್ ಡಿವೈಸ್’ ಅಂತ ಬರ್ತಿದ್ಯಾ, ತಕ್ಷಣ ತುಮಕೂರಿನ ಬಿ.ಎಚ್. ರೋಡಿಗೆ ಓಡಿ ಹೊಸ ಡಿಸ್ಕ್ ತರಕ್ಕೆ ಹೋಗ್ಬೇಡಿ. ರಿಪೇರಿನಾ, ಬೇರೆದು ಹಾಕ್ಸೋದಾ ಅನ್ನೋದು ಆಮೇಲಿನ ಮಾತು. ತಿಪಟೂರಿನ ಕೊಬ್ಬರಿ ಮಂಡಿಯ ಟ್ಯಾಲಿ ಲೆಕ್ಕನೋ, ಸ್ಟುಡಿಯೋದವ್ರ ಮದುವೆ ಫೋಟೋನೋ, ಡಿಟಿಪಿ ಅಂಗಡಿಯ ನುಡಿ ಫೈಲುಗಳೋ, ಅದರೊಳಗೆ ಏನಿದೆಯೋ ಅದ್ರ ಇನ್ನೊಂದು ಕಾಪಿ ಬೇರೆ ಎಲ್ಲಾದ್ರೂ ಇದ್ಯಾ? ಇದ್ರೆ ಅರ್ಧ ತಲೆನೋವು ಅಲ್ಲೇ ಮುಗೀತು.

ಕಾಪಿ ಇಲ್ಲ ಅಂದ್ರೆ ಡಿಸ್ಕ್‌ಗೆ ಕಿವಿ ಕೊಟ್ಟು ಕೇಳಿ. ಟಕ್ ಟಕ್ ಅಂತ ಒಂದೇ ಸಮ ಬಡೀತಿದ್ರೆ ಅಥವಾ ಕೆರೆಯೋ ಸದ್ದು ಬರ್ತಿದ್ರೆ ಆಫ್ ಮಾಡಿ, ಮತ್ತೆ ಆನ್ ಮಾಡ್ಲೇಬೇಡಿ. ಒಳಗಡೆ ತಟ್ಟೆ ನಿಮಿಷಕ್ಕೆ 5400 ಇಲ್ಲಾ 7200 ಸುತ್ತು ತಿರುಗ್ತಿರತ್ತೆ, ಅದನ್ನ ಓದೋ ಹೆಡ್ಡು ಕೂದಲೆಳೆಗಿಂತ ಎಷ್ಟೋ ಪಾಲು ಕಮ್ಮಿ ಅಂತರದಲ್ಲಿ ತೇಲ್ತಿರತ್ತೆ, ಅದು ತಾಗಿದ್ರೆ ಗೀರು ಬಿದ್ದ ಜಾಗದ ಡೇಟಾ ಯಾರ ಕೈಗೂ ವಾಪಸ್ ಸಿಗಲ್ಲ. ಫ್ರಿಜ್ಜಲ್ಲಿಟ್ಟು ತೆಗೀರಿ, ತಲೆ ಮೇಲೆ ಒಂದು ತಟ್ಟಿ ಅನ್ನೋರ ಮಾತು ಕೇಳ್ಬೇಡಿ. ಇದನ್ನ ಬಿಚ್ಚೋದು ಧೂಳಿಲ್ಲದ ಕ್ಲೀನ್ ರೂಮ್ ಇರೋ ಡೇಟಾ ರಿಕವರಿ ಲ್ಯಾಬಲ್ಲೇ. ತುಮಕೂರಿಂದ ಬೆಂಗಳೂರು ಎಪ್ಪತ್ತು ಕಿಲೋಮೀಟ್ರು, ಹೋಗೋದೇನು ಕಷ್ಟ ಇಲ್ಲ, ಆದ್ರೆ ಬಿಲ್ಲು ಹೊಸ ಡಿಸ್ಕಿನ ಎಷ್ಟೋ ಪಟ್ಟು ಆಗ್ಬೋದು. ಅದಕ್ಕೇ ಮೊದ್ಲು ಒಳಗಿರೋದರ ಬೆಲೆ ಕಟ್ಕೊಳ್ಳಿ.

ಸದ್ದೇನೂ ಇಲ್ವಾ? ಹಾಗಾದ್ರೆ ಡಿಸ್ಕನ್ನ ಬೋರ್ಡಿಗೆ ಜೋಡಿಸೋ ಸಾಟಾ ಕೇಬಲ್ ಬದಲಾಯಿಸಿ ನೋಡಿ, ನೂರಿನ್ನೂರು ರೂಪಾಯಲ್ಲಿ ಮುಗಿಯೋ ಕೆಲಸ. ಲ್ಯಾಪ್‌ಟಾಪ್ ಆದ್ರೆ ಡಿಸ್ಕ್ ತೆಗ್ದು ಯುಎಸ್‌ಬಿ ಅಡಾಪ್ಟರ್‌ಗೆ ಹಾಕಿ ಬೇರೆ ಕಂಪ್ಯೂಟರಲ್ಲಿ ನೋಡಿ. ಕಾಣಿಸ್ತಾ? ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದ್ರಲ್ಲಿ 05 ಮತ್ತೆ ಸಿ5 ಅನ್ನೋ ಸಾಲಿನ ‘ರಾ ವ್ಯಾಲ್ಯೂ’ ನೋಡಿ, ಅದು ಕೆಟ್ಟ ಸೆಕ್ಟರ್, ಅಂದ್ರೆ ತಟ್ಟೆಯ ಪುಟ್ಟ ಪುಟ್ಟ ತುಣುಕುಗಳ ಲೆಕ್ಕ. ಅವು ಏರ್ತಿದ್ರೆ ತಟ್ಟೆ ಸವೀತಿದೆ, ಸಿ7 ಮಾತ್ರ ಏರ್ತಿದ್ರೆ ಬಹುತೇಕ ಕೇಬಲ್ಲಿನದೇ ತಕರಾರು. ತಟ್ಟೆ ಸವೀತಿದ್ರೆ ವಿಂಡೋಸಿನ ಡಿಸ್ಕ್ ತಪಾಸಣೆ ಮಾಡೋ ‘ಚೆಕ್ ಡಿಸ್ಕ್’ ಓಡಿಸ್ಬೇಡಿ, ಸಾಯ್ತಿರೋ ಡಿಸ್ಕ್‌ಗೆ ಅದು ಇನ್ನಷ್ಟು ಹೊರೆ. ಮುಖ್ಯವಾದ ಫೋಲ್ಡರ್ ಮೊದ್ಲು, ಸಿನಿಮಾಗಳು ಕೊನೆಗೆ, ಹಂಗೆ ಕಾಪಿ ಮಾಡ್ಕೊಳ್ಳಿ.

ಡೇಟಾ ಕೈಗೆ ಬಂತಾ, ಈಗ ಡಿಸ್ಕಿನ ವಿಷಯ. ನನ್ನ ಕೇಳಿದ್ರೆ ಹಾರ್ಡ್ ಡಿಸ್ಕ್ ರಿಪೇರಿ ಅನ್ನೋದೇ ಇಲ್ಲ, ಫಾರ್ಮ್ಯಾಟ್ ಹೊಡ್ದು ‘ಸರಿ ಮಾಡಿದೀನಿ’ ಅಂತ ಕೊಟ್ರೆ ಅದು ಕೆಟ್ಟ ಸೆಕ್ಟರ್ ಬದ್ಲು ಸ್ಪೇರ್ ಜಾಗ ಹಿಡ್ಕೊಂಡಿದೆ ಅಷ್ಟೇ, ಸವಕಳಿ ನಿಲ್ಲಲ್ಲ. ವಾರಂಟಿ ಇದ್ರೆ ಕ್ಲೇಮ್ ಹಾಕ್ಕೊಳ್ಳಿ, ಬೇರೆ ಡಿಸ್ಕ್ ಸಿಗತ್ತೆ, ಒಳಗಿದ್ದ ಡೇಟಾ ಸಿಗಲ್ಲ.

ದುಡ್ಡು ಹಾಕೋದಾದ್ರೆ ವಿಂಡೋಸ್ ಇರೋ ಡಿಸ್ಕ್ ಎಸ್‌ಎಸ್‌ಡಿನೇ (ತಿರುಗೋ ತಟ್ಟೆ ಇಲ್ದೆ ಚಿಪ್ಪಲ್ಲಿ ಡೇಟಾ ಇಡೋದು) ಆಗ್ಲಿ. ಹಳೇ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು ನೂರೈವತ್ತು ಎಂಬಿ ಓದಿದ್ರೆ ಸಾಟಾ ಎಸ್‌ಎಸ್‌ಡಿ ಐನೂರು ದಾಟತ್ತೆ, ಹತ್ತು ವರ್ಷದ ಕಂಪ್ಯೂಟರೂ ಎದ್ದು ಕೂರತ್ತೆ. ಬೋರ್ಡಿನ ಸ್ಲಾಟಿಗೇ ನೇರ ಕೂರೋ ಪುಟ್ಟ ಎಂ.2 ಎಸ್‌ಎಸ್‌ಡಿ ತಗೊಳ್ಳೋದಾದ್ರೆ ಜೋಪಾನ, ಸ್ಲಾಟಿಗೆ ಕೂತ್ಕೊಂಡ ಮಾತ್ರಕ್ಕೆ ಕೆಲಸ ಮಾಡತ್ತೆ ಅಂತಿಲ್ಲ, ಕೆಲವು ಬೋರ್ಡು ಸಾಟಾ ಮಾತ್ರ ತಗೊಳ್ತವೆ, ಕೆಲವು ಎನ್‌ವಿಎಂಇ ಅನ್ನೋ ಇನ್ನೂ ವೇಗದ ಬಗೆ ಮಾತ್ರ, ನಿಮ್ಮ ಮಷೀನಿನ ಮಾಡೆಲ್ ನಂಬರ್ ಬರ್ಕೊಂಡು ಅಂಗಡಿಗೆ ಹೋಗಿ. ಇನ್ನೊಂದು, ಇಂಟೆಲ್ ಎಂಟನೇ ಜನರೇಷನ್‌ಗಿಂತ ಹಳೇ ಮಷೀನಿಗೆ, ಒಂದೆರಡು ಮಾಡೆಲ್ ಬಿಟ್ರೆ, ವಿಂಡೋಸ್ 11 ಅಧಿಕೃತವಾಗಿ ಇಲ್ಲ, ವಿಂಡೋಸ್ 10ರ ಮಾಮೂಲಿ ಸಪೋರ್ಟು 2025ರ ಅಕ್ಟೋಬರ್ 14ಕ್ಕೇ ಮುಗ್ದಿದೆ. ಅಂಥದಕ್ಕೆ ಭಾರಿ ಎಸ್‌ಎಸ್‌ಡಿ ಬೇಡ, 256 ಜಿಬಿಯ ಎರಡೂವರೆ ಇಂಚಿಂದು ಹಾಕಿ, ನಾಳೆ ಬೇರೆ ಮಷೀನಿಗೆ ಬಿಚ್ಚಿ ಹಾಕ್ಬೋದು. ಹಾಂ, ಎಸ್‌ಎಸ್‌ಡಿ ಸದ್ದು ಮಾಡಿ ಹೇಳಿ ಸಾಯಲ್ಲ, ಹಂಗಾಗಿ ಬ್ಯಾಕಪ್‌ಗೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದು ಬೇಕೇ ಬೇಕು.

ಸತ್ತ ಡಿಸ್ಕನ್ನ ಹಂಗೇ ಗುಜರಿಗೆ ಹಾಕ್ಬೇಡಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನು ಎಲ್ಲಾ ಅದರಲ್ಲೇ ಇರತ್ತೆ. ಡ್ರಿಲ್ಲಲ್ಲಿ ಎರಡ್ಮೂರು ತೂತು ಹೊಡೀರಿ, ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಎಷ್ಟೋ ಸಲ ಗಾಜಿಂದಿರತ್ತೆ, ಕಣ್ಣಿಗೆ ಸೇಫ್ಟಿ ಕನ್ನಡಕ ಹಾಕ್ಕೊಂಡೇ ಹೊಡೀರಿ.