ಡಿಸ್ಕ್ ಗಾಲ್ಫ್ ಬ್ಯಾಗಿಗೆ ಏನು ಹಾಕಬೇಕು, ಏನು ತೆಗೀಬೇಕು

ಒಂದು ಕಾಲಕ್ಕೆ ನನ್ನ ಬ್ಯಾಗಿನಲ್ಲಿ 22 ಡಿಸ್ಕ್, ಅಂದರೆ ಈ ಆಟದಲ್ಲಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಇದ್ದವು. ನಿಜವಾಗಿ ಆಡುತ್ತಿದ್ದದ್ದು 5ರಲ್ಲಿ. ಉಳಿದ 17ಕ್ಕೆ ಉತ್ಸವಮೂರ್ತಿಗಳ ಹಾಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಹೆಲ್ಯರ್ ಪಾರ್ಕಿನಲ್ಲಿ ಒಂದು ಪ್ರದಕ್ಷಿಣೆ ಹಾಕಿಸಿ ವಾಪಸ್ ಮನೆಗೆ ತರುತ್ತಿದ್ದೆ. "ಊಟದ ತಟ್ಟೆಗಿಂತ ಈ ತಟ್ಟೆಗಳೇ ಜಾಸ್ತಿ ಆಯ್ತು" ಅಂತ ಹೆಂಡತಿ ಅಂದ ದಿನ ಕೂತು ಎಣಿಸಿದೆ. ಸರಿಯಾಗೇ ಹೇಳಿದ್ದಳು.

ಈಗ 9 ಇವೆ. ಇಲ್ಲಿನ ಕನ್ನಡದ ಗೆಳೆಯರು ಒಂದೆರಡು ವಾರ ನನ್ನ ಜೊತೆ ಆಡಿದ ಮೇಲೆ ಕೇಳುವುದು ಒಂದೇ ಪ್ರಶ್ನೆ, ಯಾವ ಡಿಸ್ಕ್ ತಗೊಳ್ಳಲಿ ಅಂತ. ಪ್ರತಿ ಸಲ ವಾಟ್ಸ್ಆಪ್‌ನಲ್ಲಿ ಟೈಪ್ ಮಾಡಿ ಸಾಕಾಗಿದೆ, ಅದಕ್ಕೇ ಒಂದೇ ಸಲಕ್ಕೆ ಬರೆದಿಡುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಟೀ, ಅಂದರೆ ಶುರುವಿನ ಜಾಗದಲ್ಲಿ ನಿಂತು ಡಿಸ್ಕ್ ಎಸೆಯಬೇಕು, ಅದು ಬಿದ್ದ ಜಾಗದಿಂದ ಮತ್ತೆ ಎಸೆಯಬೇಕು, ಕೊನೆಗೆ ಸರಪಳಿ ನೇತಾಡುವ ಬಾಸ್ಕೆಟ್ಟಿಗೆ ಹಾಕಬೇಕು. ಟೀಯಿಂದ ಬಾಸ್ಕೆಟ್ಟಿನವರೆಗಿನ ದಾರಿ ಒಂದು ಹೋಲ್, ಇಂಥ ಹಲವು ಹೋಲ್ ಸೇರಿದರೆ ಕೋರ್ಸ್. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. ಇದಕ್ಕಂತಲೇ ಕಟ್ಟಿದ ಮೊದಲ ಕಾಯಂ ಕೋರ್ಸ್ ಶುರುವಾಗಿದ್ದು ಇದೇ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ, 1975ರಲ್ಲಿ. ಮಾಡಿಸಿದವರು ಎಡ್ ಹೆಡ್ರಿಕ್. ಆಗ ಆಡುತ್ತಿದ್ದದ್ದು ಬೀಚಿನಲ್ಲಿ ಹಿಡಿದಾಡುವಂಥ ದಪ್ಪ ಅಂಚಿನ ಫ್ರಿಸ್ಬಿಯಲ್ಲೇ. 1983ರಲ್ಲಿ ಡಿಸ್ಕ್ ಮಾಡುವ ಇನ್ನೋವಾ ಕಂಪನಿಯವರು ಈಗಲ್ ಅಂತ ಒಂದು ಡಿಸ್ಕ್ ತಂದರು, ಅಂಚು ಇಳಿಜಾರಾಗಿ ಚೂಪಾಗಿತ್ತು, ಗಾಳಿಯನ್ನು ಸೀಳಿಕೊಂಡು ಹೋಗುತ್ತಿತ್ತು. ಅಲ್ಲಿಂದ ಮುಂದೆ ದೂರಕ್ಕೊಂದು, ಹತ್ತಿರಕ್ಕೊಂದು, ಎಡಕ್ಕೆ ತಿರುಗುವುದೊಂದು, ಬಲಕ್ಕೆ ತಿರುಗುವುದೊಂದು ಅಂತ ನೂರಾರು ಬಗೆ ಬಂದವು. ನಮ್ಮ ತಲೆನೋವೂ ಅಲ್ಲಿಂದಲೇ.

ಡಿಸ್ಕಿನ ಮೇಲೆ ಸಾಮಾನ್ಯವಾಗಿ ನಾಲ್ಕು ಅಂಕಿ ಇರುತ್ತವೆ. ಲೆಪರ್ಡ್ ಅಂತ ಒಂದು ಡಿಸ್ಕ್ ಇದೆ, ಅದರ ಅಂಕಿ 6, 5, ಮೈನಸ್ 2, 1. ಮೊದಲನೆಯದು ಸ್ಪೀಡ್, ಅಂದರೆ ಈ ಡಿಸ್ಕ್ ಸರಿಯಾಗಿ ಹಾರಬೇಕಾದರೆ ಎಷ್ಟು ಜೋರಾಗಿ ಎಸೆಯಬೇಕು ಅನ್ನುವುದು. ಎರಡನೆಯದು ಗ್ಲೈಡ್, ಎಷ್ಟು ಹೊತ್ತು ತೇಲುತ್ತದೆ ಅನ್ನುವುದು. ಮೂರನೆಯದು ಟರ್ನ್, ವೇಗ ಇರುವಾಗ ಎಷ್ಟು ಬಲಕ್ಕೆ ವಾಲುತ್ತದೆ. ನಾಲ್ಕನೆಯದು ಫೇಡ್, ವೇಗ ಸತ್ತ ಮೇಲೆ ಕೊನೆಗೆ ಎಷ್ಟು ಎಡಕ್ಕೆ ಬೀಳುತ್ತದೆ. ಬಲಗೈಯವರು ಬ್ಯಾಕ್‌ಹ್ಯಾಂಡ್, ಅಂದರೆ ಕೈಯನ್ನು ಎದೆಗೆ ಅಡ್ಡ ತಂದು ಹೊರಕ್ಕೆ ಬೀಸಿ ಎಸೆದರೆ ಹೀಗೆ. ಎಡಗೈಯವರಿಗೆ ಎಲ್ಲಾ ಉಲ್ಟಾ, ಫೋರ್‌ಹ್ಯಾಂಡ್, ಅಂದರೆ ಪಕ್ಕದಿಂದ ಮುಂದಕ್ಕೆ ಬೀಸಿ ಎಸೆಯುವ ಬಲಗೈಯವರಿಗೂ ಉಲ್ಟಾ.

ಮೊದಲನೇ ಅಂಕಿಯನ್ನು ಎಲ್ಲರೂ ತಪ್ಪು ತಿಳಿಯುತ್ತಾರೆ. ನಾನೂ ತಿಳಿದಿದ್ದೆ. ಸ್ಪೀಡ್ 12 ಅಂದರೆ ಅದು ತಾನೇ ಓಡುತ್ತದೆ ಅಂತಲ್ಲ, ಅಷ್ಟು ಓಡಿಸುವ ಕೈ ನಿಮಗಿರಬೇಕು ಅಂತ. ನಾನು ಮೊಟ್ಟಮೊದಲು ಕೊಂಡದ್ದು ಡೆಸ್ಟ್ರಾಯರ್. ಅಂಕಿ 12, 5, ಮೈನಸ್ 1, 3. ಹೆಸರು ನೋಡಿಯೇ ಮರುಳಾಗಿದ್ದೆ. ಎಸೆದೆ, ಒಂದು 180 ಅಡಿ ಹೋಯ್ತು, ಹೋಗಿ ಎಡಗಡೆ ಪೊದೆಗೆ ನುಗ್ಗಿತು. ಮತ್ತೆ ಎಸೆದೆ, ಅದೇ ಪೊದೆ. ಡಿಸ್ಕಿನ ತಪ್ಪೇನೂ ಇರಲಿಲ್ಲ. ಬೇಕಾದಷ್ಟು ವೇಗ ಸಿಗದಿದ್ದರೆ ಅದು ಬಲಕ್ಕೆ ವಾಲುವ ಕೆಲಸವನ್ನೇ ಮಾಡುವುದಿಲ್ಲ, ಸೀದಾ ಕೊನೆಯ ಹಂತಕ್ಕೆ, ಅಂದರೆ ಎಡಕ್ಕೆ ಬೀಳುವುದಕ್ಕೆ ಇಳಿದುಬಿಡುತ್ತದೆ. ಅದೇ ದಿನ ಗೆಳೆಯ ಕೊಟ್ಟ ಲೆಪರ್ಡ್ ಎಸೆದರೆ ಡೆಸ್ಟ್ರಾಯರ್‌ಗಿಂತ 40 ಅಡಿ ಮುಂದೆ, ಅದೂ ನೇರವಾಗಿ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಂದು ಖಾಲಿ ಮೈದಾನಕ್ಕೆ ಹೋಗಿ. ಯಾರದಾದರೂ ನಿಧಾನದ ಡಿಸ್ಕ್ ಎರಡು ಮೂರು ಇಸ್ಕೊಂಡು ಹತ್ತು ಸಲ ಎಸೆಯಿರಿ, ಹೆಜ್ಜೆ ಹಾಕಿ ಅಳೆಯಿರಿ. ದೊಡ್ಡ ಹೆಜ್ಜೆ ಸುಮಾರು 3 ಅಡಿ. ಎಲ್ಲಕ್ಕಿಂತ ದೂರ ಬಿದ್ದದ್ದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಅದು ಗಾಳಿಯ ಪುಣ್ಯ. ನಡುವೆ ಗುಂಪಾಗಿ ಬಿದ್ದಿರುತ್ತವಲ್ಲ, ಅದು ನಿಮ್ಮ ದೂರ. 250 ಅಡಿ ಒಳಗಿದ್ದರೆ ಸ್ಪೀಡ್ 7ಕ್ಕಿಂತ ಮೇಲಿನದ್ದು ಮುಟ್ಟಬೇಡಿ. 300 ಅಡಿ ದಾಟುವವರೆಗೆ 9 ಸಾಕು. ಇದು ನನ್ನ ಲೆಕ್ಕ, ಒಂದಿಷ್ಟು ಹೆಚ್ಚುಕಮ್ಮಿ ಮಾಡಿಕೊಳ್ಳಿ.

ಶುರುವಿಗೆ ಮೂರೇ ಡಿಸ್ಕ್. ಹತ್ತಿರದಿಂದ ಬಾಸ್ಕೆಟ್ಟಿಗೆ ಹಾಕಲು ಒಂದು ಪಟರ್, ನಡುವಿನ ದೂರಕ್ಕೆ ಒಂದು ಮಿಡ್‌ರೇಂಜ್, ಅದಕ್ಕೂ ದೂರಕ್ಕೆ ಒಂದು ಫೇರ್‌ವೇ ಡ್ರೈವರ್. ಮಿಡ್‌ರೇಂಜಿಗೆ ಡಿಸ್ಕ್ರಾಫ್ಟ್‌ನ ಬಝ್ ತಗೊಳ್ಳಿ, 5, 4, ಮೈನಸ್ 1, 1. ಇನ್ನೋವಾದ ಮೇಕೋ3 ಆದರೂ ಆದೀತು, 5, 5, 0, 0, ನೀವು ಹೇಗೆ ಬಿಟ್ಟರೆ ಹಾಗೇ ಹೋಗುತ್ತದೆ, ಕೈಯ ತಪ್ಪೆಲ್ಲ ಎದ್ದು ಕಾಣುತ್ತದೆ. ಡ್ರೈವರಿಗೆ ಲೆಪರ್ಡ್. ಪಟರ್ ವಿಷಯದಲ್ಲಿ ಅಂಕಿ ಮರೆತುಬಿಡಿ. ಏವಿಯರ್, ಜಡ್ಜ್, ಹೀಗೆ ನಾಲ್ಕಾರು ಪಟರ್ ಕೈಯಲ್ಲಿ ಹಿಡಿದು ನೋಡಿ. ಕೆಲವಕ್ಕೆ ಅಂಚಿನ ಅಡಿಯಲ್ಲಿ ತೆಳ್ಳಗೆ ಒಂದು ಏಣು ಇರುತ್ತದೆ, ಬೆರಳಿಗೆ ತಾಗುತ್ತದೆ. ಕೆಲವರಿಗೆ ಅದಿಲ್ಲದೆ ಆಗುವುದಿಲ್ಲ, ಕೆಲವರಿಗೆ ಅದಿದ್ದರೆ ಕಿರಿಕಿರಿ. ಅಂಗಡಿಯಲ್ಲಿ ನಿಂತು ಕಣ್ಣು ಮುಚ್ಚಿ ಹಿಡಿದಾಗ ಯಾವುದು ಕೈಯಲ್ಲಿ ಸುಮ್ಮನೆ ಕೂರುತ್ತದೋ ಅದೇ ನಿಮ್ಮದು. ಅದರಲ್ಲಿ ಎರಡು ಕೊಳ್ಳಿ, ಸಾಧ್ಯವಾದರೆ ಮೂರು. ಒಂದೇ ಬಗೆಯದು, ಒಂದೇ ತೂಕದ್ದು. ಮನೆ ಹಿಂದೆ ನಿಂತು 20 ಅಡಿಯಿಂದ ಒಂದರ ಹಿಂದೆ ಒಂದು ಹಾಕುವುದಕ್ಕೆ.

ಆಮೇಲೆ ಪಟರ್ ಬದಲಿಸಬೇಡಿ ಮಾರಾಯ್ರೇ. ನಾನು ಒಂದೇ ವರ್ಷದಲ್ಲಿ ನಾಲ್ಕು ಸಲ ಬದಲಿಸಿದೆ. ಎರಡು ಪಟ್ ತಪ್ಪಿದರೆ ಡಿಸ್ಕ್ ಸರಿಯಿಲ್ಲ ಅನ್ನಿಸೋದು, ಹೊಸದು ತಂದರೆ ಮೊದಲ ವಾರ ಚೆನ್ನಾಗಿ ಬೀಳೋದು, ಆಮೇಲೆ ಅದೇ ಹಾಡು. ಕೊನೆಗೆ ಮೊದಲಿನ ಏವಿಯರ್‌ಗೇ ವಾಪಸ್ ಬಂದೆ.

ತೂಕದ ಬಗ್ಗೆ ಸ್ವಲ್ಪ. ನಿಯಮದ ಪ್ರಕಾರ ಡಿಸ್ಕಿನ ವ್ಯಾಸದ ಒಂದೊಂದು ಸೆಂಟಿಮೀಟರಿಗೆ ಹೆಚ್ಚೆಂದರೆ 8.3 ಗ್ರಾಂ. 21.2 ಸೆಂಟಿಮೀಟರ್ ಇದ್ದರೆ 176 ಗ್ರಾಂ ಹತ್ತಿರ ಆಯ್ತು. ಪಟರ್ 170ರ ಮೇಲಿರಲಿ, ಸರಪಳಿಗೆ ತಾಗಿದಾಗ ನಿಲ್ಲುತ್ತದೆ. ಡ್ರೈವರ್ ಮಾತ್ರ ಹೊಸಬರಿಗೆ 150ರಿಂದ 165 ಒಳ್ಳೆಯದು, ಹಗುರ ಇದ್ದರೆ ಕೈ ಜೋರಾಗಿ ಬೀಸುತ್ತದೆ.

ಇನ್ನು ಪ್ಲಾಸ್ಟಿಕ್. ಒಂದೇ ಲೆಪರ್ಡ್ ಡಿಎಕ್ಸ್ ಅಂತ ಅಗ್ಗದ್ದರಲ್ಲೂ ಸಿಗುತ್ತದೆ, ಚಾಂಪಿಯನ್ ಅಂತ ಗಟ್ಟಿ, ದುಬಾರಿ ಪ್ಲಾಸ್ಟಿಕ್ಕಿನಲ್ಲೂ ಸಿಗುತ್ತದೆ. ದುಬಾರಿಯದ್ದು ಬಾಳಿಕೆ ಬರುತ್ತದೆ ನಿಜ, ಹೊಸದರಲ್ಲಿ ಸ್ವಲ್ಪ ಜಾಸ್ತಿ ಎಡಕ್ಕೂ ಬೀಳುತ್ತದೆ. ಅಗ್ಗದ್ದು ಬೇಗ ಸವೆಯುತ್ತದೆ. ಸವೆಯುವುದು ಕೆಟ್ಟದ್ದು ಅಂತ ನಾನೂ ಅಂದುಕೊಂಡಿದ್ದೆ.

ನನ್ನ ಹಳೇ ಡಿಎಕ್ಸ್ ಲೆಪರ್ಡ್ ಈಗ ನನ್ನ ಮೇಜಿನ ಮೇಲೇ ಇದೆ. ಹಳದಿ ಬಣ್ಣ. ಅಂಚಿನ ಸುತ್ತ ಬೆರಳಾಡಿಸಿದರೆ ಇಲಿ ಕಡಿದ ರೊಟ್ಟಿ ಹಾಗೆ, ಎಲ್ಲಾ ಓಕ್ ಮರಗಳಿಗೆ ಬಡಿದು ಆದದ್ದು. ಮೇಲಿನ ಚಿತ್ರದಲ್ಲಿ ಚಿರತೆಯ ಬಾಲ ಮಾತ್ರ ಉಳಿದಿದೆ. ಹೊಸದರಲ್ಲಿ ನೇರ ಹೋಗುತ್ತಿತ್ತು. ಒಂದು ವರ್ಷ ಆಗುವಾಗ ಎಷ್ಟು ಚಪ್ಪಟೆಯಾಗಿ ಬಿಟ್ಟರೂ ಬಲಕ್ಕೆ ಎಳೆಯಲು ಶುರು ಮಾಡಿತು, ವಾಪಸ್ ಎಡಕ್ಕೆ ಬರುವ ಮಾತೇ ಇಲ್ಲ. ಪಕ್ಕದ ಮನೆ ನಾಯಿಗೆ ಆಡಲು ಕೊಡುವುದು ಅಂತ ತೀರ್ಮಾನವೂ ಆಗಿತ್ತು. ಅಷ್ಟರಲ್ಲಿ ಒಂದು ದಿನ, ಮರಗಳ ನಡುವೆ ಬಲಕ್ಕೆ ಬಾಗುವ ಒಂದು ಹೋಲಿನಲ್ಲಿ, ಯಾವ ಡಿಸ್ಕಿನಿಂದಲೂ ಆಗದೆ ರೇಗಿ ಇದನ್ನೇ ಎಸೆದೆ. ದಾರಿ ಹೇಗಿದೆಯೋ ಹಾಗೇ ಬಾಗಿಕೊಂಡು ಹೋಗಿ ಬಾಸ್ಕೆಟ್ ಪಕ್ಕ ಕೂತಿತು. ಚೆಂಡು ಹಳೆಯದಾದ ಮಾತ್ರಕ್ಕೆ ಬೌಲರ್ ಅದನ್ನು ಬಿಸಾಕುತ್ತಾನಾ? ಹೊಸ ಚೆಂಡಿನ ಕೆಲಸ ಬೇರೆ, 40 ಓವರ್ ಆಡಿದ ಚೆಂಡಿನ ಕೆಲಸ ಬೇರೆ. ಈಗ ಬ್ಯಾಗಿನಲ್ಲಿ ಎರಡು ಲೆಪರ್ಡ್ ಇವೆ, ಒಂದು ಹೊಸದು, ಒಂದು ಹಳೆಯದು. ಹೆಸರು ಒಂದೇ, ಕೆಲಸ ಎರಡು. ಕೈ ಮಾತ್ರ ಹೊಸದೇನನ್ನೂ ಕಲಿಯಬೇಕಾಗಿಲ್ಲ, ಹಿಡಿತ ಅದೇ ತಾನೇ.

ನಾಲ್ಕನೇ ಡಿಸ್ಕ್ ಯಾವುದು ಅಂದರೆ, ಗಾಳಿಗೆ ಜಗ್ಗದ್ದು. ಬರ್ಕ್ಲಿಯ ಅಕ್ವಾಟಿಕ್ ಪಾರ್ಕಿನಲ್ಲಿ ಮಧ್ಯಾಹ್ನ ಆಡಿ ನೋಡಿ, ಸಮುದ್ರದ ಕಡೆಯಿಂದ ಗಾಳಿ ಮುಖಕ್ಕೆ ಹೊಡೆಯುತ್ತದೆ, ಪಕ್ಕದಲ್ಲೇ ನೀರು. ಎದುರು ಗಾಳಿಗೆ ಎಸೆದರೆ ಡಿಸ್ಕಿಗೆ ತಾನು ಇನ್ನೂ ಜೋರಾಗಿ ಹೋಗುತ್ತಿದ್ದೇನೆ ಅನ್ನೋ ಭ್ರಮೆ, ಹಾಗಾಗಿ ಬಲಕ್ಕೆ ವಾಲುವುದು ದುಪ್ಪಟ್ಟಾಗುತ್ತದೆ. ಹಿಂದಿನಿಂದ ಗಾಳಿ ಇದ್ದರೆ ಬೇಗ ಎಡಕ್ಕೆ ಬೀಳುತ್ತದೆ. ಎದುರು ಗಾಳಿಯಲ್ಲಿ ಲೆಪರ್ಡ್ ಎಸೆದು ನಾನು ಒಂದನ್ನು ನೀರಿಗೆ ಅರ್ಪಿಸಿದ್ದೇನೆ. ಅಲ್ಲಿ ಬೇಕಾದದ್ದು ಝೋನ್ ಥರದ್ದು, 4, 3, 0, 3, ಇಲ್ಲಾ ಕೈ ಸ್ವಲ್ಪ ಕುದುರಿದ ಮೇಲೆ ಫೈರ್‌ಬರ್ಡ್, 9, 3, 0, 4. ಇವು ಹಠಮಾರಿಗಳು, ಏನಾದರೂ ಎಡಕ್ಕೇ ಬರುವುದು. ಎಡಕ್ಕೇ ಬರುತ್ತದೆ ಅಂತ ಗೊತ್ತಿದ್ದರೆ ಅದಕ್ಕೆ ಸರಿಯಾಗಿ ಗುರಿ ಇಡಬಹುದಲ್ವಾ. ಅಂದ ಹಾಗೆ ಡಿಸ್ಕ್ ಹಿಂಬದಿಗೆ ಹೆಸರು, ಫೋನ್ ನಂಬರ್ ಬರೆದಿಡಿ. ಇಲ್ಲಿ ಸಿಕ್ಕಿದವರು ಫೋನ್ ಮಾಡಿ ಕೊಡುತ್ತಾರೆ, ನನಗೇ ಎರಡು ವಾಪಸ್ ಬಂದಿವೆ.

ಕ್ರಿಕೆಟ್ ಆಡಿ ಬೆಳೆದವರಿಗೆ ಈ ಹಠಮಾರಿ ಡಿಸ್ಕಿನಿಂದ ಇನ್ನೊಂದು ಲಾಭ ಇದೆ. ಪಾಯಿಂಟ್‌ನಲ್ಲಿ ಬಗ್ಗಿ ಚೆಂಡು ಹಿಡಿದು ಪಕ್ಕದಿಂದಲೇ ಸ್ಟಂಪಿಗೆ ಎಸೆಯುತ್ತಿದ್ದ ಕೈಗೆ ಫೋರ್‌ಹ್ಯಾಂಡ್ ಬೇಗ ಒಲಿಯುತ್ತದೆ. ಎರಡು ಬೆರಳು ಅಂಚಿನ ಒಳಗೆ, ಹೆಬ್ಬೆರಳು ಮೇಲೆ, ಮಣಿಕಟ್ಟಿನಲ್ಲಿ ಒಂದು ಝಾಡಿಸು. ಆದರೆ ನಾವು ಬಲ ಜಾಸ್ತಿ, ತಿರುಗು ಕಡಿಮೆ ಹಾಕುತ್ತೇವೆ, ಡಿಸ್ಕ್ ಓಲಾಡುತ್ತದೆ. ಲೆಪರ್ಡ್ ಅದಕ್ಕೆ ಮಗುಚಿಕೊಳ್ಳುತ್ತದೆ, ಝೋನ್ ತಡೆದುಕೊಳ್ಳುತ್ತದೆ.

ಇಲ್ಲಿವರೆಗೆ ಸೇರಿಸಿದ್ದಾಯ್ತು. ತೆಗೆಯುವುದಕ್ಕೆ ನಾನು ಮಾಡಿದ್ದು ಹೀಗೆ. ಪ್ರತಿ ಡಿಸ್ಕಿನ ಅಡಿಗೆ ಬಣ್ಣ ಬಳಿಯುವವರು ಹಚ್ಚುವ ಕಾಗದದ ಟೇಪ್ ಒಂದು ತುಂಡು ಅಂಟಿಸಿದೆ. ಒಂದು ಸಲ ಎಸೆದರೆ ಪೆನ್ನಿನಲ್ಲಿ ಒಂದು ಗೀಟು. ಐದು ರೌಂಡ್ ಆದ ಮೇಲೆ ಎಲ್ಲವನ್ನೂ ನೆಲದ ಮೇಲೆ ಹರಡಿದೆ. ಏವಿಯರ್ ಟೇಪಿನಲ್ಲಿ ಗೀಟು ಹಾಕಲು ಜಾಗ ಇಲ್ಲ. ಬಝ್ ತುಂಬಿತ್ತು. ಒಂಬತ್ತು ಡಿಸ್ಕಿನ ಟೇಪ್ ಹೊಸದರ ಹಾಗೇ ಖಾಲಿ! ಅವನ್ನು ಒಂದು ಡಬ್ಬಕ್ಕೆ ಹಾಕಿ ಚಪ್ಪಲಿ ಸ್ಟ್ಯಾಂಡಿನ ಕೆಳಗೆ ತಳ್ಳಿದೆ. ತಕ್ಷಣ ಮಾರಬೇಡಿ. ಎರಡು ತಿಂಗಳು ಅದರ ನೆನಪೇ ಬರದಿದ್ದರೆ ಮಾರಿ, ಇಲ್ಲಾ ಹೊಸಬರಿಗೆ ಕೊಡಿ.

ಉಳಿದವುಗಳಲ್ಲಿ ಜೋಡಿ ಹುಡುಕಿ. ನನ್ನ ಹತ್ತಿರ ಮೂರು ಮಿಡ್‌ರೇಂಜ್ ಇದ್ದವು, ಮೂರೂ ಹೋಗಿ ಬೀಳುತ್ತಿದ್ದದ್ದು ಒಂದೇ ಜಾಗಕ್ಕೆ. ಟೀ ಮೇಲೆ ನಿಂತು ಇದಾ ಅದಾ ಅಂತ ಯೋಚಿಸುವುದರಲ್ಲೇ ಅರ್ಧ ಎಸೆತ ಕೆಡುತ್ತದೆ. ಒಂದು ಇಟ್ಟುಕೊಂಡು ಎರಡು ಡಬ್ಬಕ್ಕೆ. ಹಾಗೇ ಫೋನಿನಲ್ಲಿ ಇನ್ನೊಂದು ಪಟ್ಟಿ ಇಡಿ, ಬ್ಯಾಗಿಗೆ ಕೈ ಹಾಕಿ ಇಲ್ಲಿಗೆ ಏನೂ ಇಲ್ಲವಲ್ಲ ಅನ್ನಿಸಿದ ಜಾಗಗಳದ್ದು. ಒಂದೇ ಥರದ ಜಾಗ ಮೂರು ಸಲ ಪಟ್ಟಿಗೆ ಬಂದರೆ ಆಗ ಅಂಗಡಿಗೆ ಹೋಗಿ. ನನಗೆ ಹಾಗೆ ಬಂದದ್ದು ಟೀಬರ್ಡ್, 7, 5, 0, 2. ನೇರ ಹೋಗಿ ಕೊನೆಯಲ್ಲಿ ಸ್ವಲ್ಪವೇ ಎಡಕ್ಕೆ ಇಳಿಯುವುದು ನನ್ನಲ್ಲಿ ಇರಲಿಲ್ಲ. ಪ್ಲೇ ಇಟ್ ಅಗೇನ್ ಸ್ಪೋರ್ಟ್ಸ್‌ನಂಥ ಹಳೇ ಸಾಮಾನಿನ ಅಂಗಡಿಯಲ್ಲಿ ತಗೊಂಡೆ. ಹಳೆಯದು ಕೊಳ್ಳುವಾಗ ಕಣ್ಣಿನ ಮಟ್ಟಕ್ಕೆ ಎತ್ತಿ ಅಂಚು ಸೊಟ್ಟ ಆಗಿದೆಯಾ ನೋಡಿ, ಗೀರು ಇದ್ದರೆ ಪರವಾಗಿಲ್ಲ.

ಅಂಗಡಿಗೆ ಹೋಗುವ ಮೊದಲು ಇನ್ನೊಂದು ನೋಡಬೇಕು. ಇರುವ ಡಿಸ್ಕಿನ ಕೋನ ಬದಲಿಸಿದರೆ ಅದೇ ಕೆಲಸ ಆಗುತ್ತದಾ? ಲೆಪರ್ಡ್‌ನ ಹೊರ ಅಂಚನ್ನು ಸ್ವಲ್ಪ ಕೆಳಗೆ ವಾಲಿಸಿ ಜೋರಾಗಿ ಬಿಟ್ಟರೆ ಅದು ಹಾರುತ್ತಾ ತಾನೇ ನೆಟ್ಟಗಾಗಿ, ನೇರಕ್ಕೆ ಬಹಳ ದೂರ ತೇಲುತ್ತದೆ. ಹೈಜರ್ ಫ್ಲಿಪ್ ಅನ್ನುತ್ತಾರೆ. ಇದನ್ನು ಕಲಿತ ವಾರ ನಾನು ಕೊಳ್ಳಬೇಕು ಅಂತ ಬರೆದಿಟ್ಟಿದ್ದ ಎರಡು ಡ್ರೈವರ್ ಪಟ್ಟಿಯಿಂದ ಹೋದವು.

ಸದ್ಯ ನನ್ನ ಬ್ಯಾಗಿನಲ್ಲಿ ಏವಿಯರ್ ಎರಡು, ಝೋನ್, ಬಝ್, ಲೆಪರ್ಡ್ ಎರಡು, ಟೀಬರ್ಡ್, ಫೈರ್‌ಬರ್ಡ್. ಎಂಟಾಯ್ತು. ಒಂಬತ್ತನೆಯದು ಅದೇ ಡೆಸ್ಟ್ರಾಯರ್. ಮೇಲೆ ಹೇಳಿದ ಯಾವ ಲೆಕ್ಕಕ್ಕೂ ಅದು ಸಿಗುವುದಿಲ್ಲ, ಟೇಪಿನಲ್ಲಿ ಇರುವುದು ಒಂದೇ ಗೀಟು. ಸಾಂಟಾ ಕ್ರೂಝ್‌ನ ಡೆಲವೇಗಾದಲ್ಲಿ 27ನೇ ಹೋಲ್ ಇದೆ, ಟಾಪ್ ಆಫ್ ದಿ ವರ್ಲ್ಡ್ ಅನ್ನುತ್ತಾರೆ, ಗುಡ್ಡದ ನೆತ್ತಿಯಿಂದ ಕೆಳಗೆ ಎಸೆಯಬೇಕು, ದೂರದಲ್ಲಿ ಸಮುದ್ರ ಕಾಣುತ್ತದೆ. ಅಲ್ಲಿಗೆ ಹೋದಾಗ ಮಾತ್ರ ಇದನ್ನು ತೆಗೆಯುತ್ತೇನೆ. ಕೊನೆಗೆ ಎಡಕ್ಕೇ ಬೀಳುತ್ತದೆ, ಆದರೆ ಬೀಳುವ ಮೊದಲು ತುಂಬಾ ಹೊತ್ತು ಹಾರುತ್ತದೆ. ಆಮೇಲೆ ಅರ್ಧ ಗಂಟೆ ಪೊದೆಯಲ್ಲಿ ಹುಡುಕುತ್ತೇವೆ.