ಎಟಿಮೆಗಾ 328ಪಿಗೆ ಕ್ರಿಸ್ಟಲ್ ಕೂರಿಸುವುದು: ಮೊದಲು ಬೆಸುಗೆ, ಆಮೇಲೆ ಫ್ಯೂಸ್

ತೋಟದ ಬೋರ್‌ವೆಲ್‌ಗೆ ನಾನೇ ಒಂದು ಡಬ್ಬಿ ಮಾಡಿದ್ದೆ. ಮೋಟರ್ ನಿಂತರೆ ಫೋನಿಗೆ ಮೆಸೇಜ್ ಕಳಿಸುವುದು ಅದರ ಕೆಲಸ. ಬೆಳಿಗ್ಗೆ ಸರಿಯಾಗಿ ಕಳಿಸುತ್ತಿತ್ತು. ಮಧ್ಯಾಹ್ನ ಬಿಸಿಲಿಗೆ ತಗಡು ಕಾದರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಜಿಎಸ್‌ಎಂ ಮಾಡ್ಯೂಲ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ತಂದೆ. ಅದೂ ಅದೇ ಕಥೆ. ದುಡ್ಡು ದಂಡ. ಕೈಕೊಟ್ಟಿದ್ದು ಚಿಪ್ಪಿನ ಗಡಿಯಾರ.

ಡಬ್ಬಿಯ ಮಿದುಳು ಎಟಿಮೆಗಾ 328ಪಿ ಎಂಬ ಮೈಕ್ರೋಕಂಟ್ರೋಲರ್ ಚಿಪ್. ಅದರ ಒಳಗೆ 8 ಮೆಗಾಹರ್ಟ್ಸ್‌ನ ಸ್ವಂತ ಆಸಿಲೇಟರ್, ಅಂದರೆ ಗಡಿಯಾರ, ಇದೆ. ಹೊಸ ಚಿಪ್ಪಿನಲ್ಲಿ ಅದನ್ನು 8ರಿಂದ ಭಾಗಿಸಿ 1 ಮೆಗಾಹರ್ಟ್ಸ್‌ಗೆ ಇಳಿಸಿರುತ್ತಾರೆ. ಕಂಪನಿಯ ಲೆಕ್ಕದಲ್ಲೇ ಅದು ಶೇ. 10ರಷ್ಟು ಆಚೀಚೆ ಇರಬಹುದು. ಬಿಸಿ ಏರಿದರೆ, ವೋಲ್ಟೇಜ್ ಬದಲಾದರೆ ಮತ್ತೆ ಜಾರುತ್ತದೆ. ಎಲ್‌ಇಡಿ ಮಿಣುಕಿಸಲು ಇದು ಸಾಕು. ಆದರೆ ಸೀರಿಯಲ್‌ನಲ್ಲಿ ಇನ್ನೊಂದು ಮಾಡ್ಯೂಲ್ ಜೊತೆ ಮಾತಾಡುವಾಗ ನಾಲ್ಕೈದು ಪರ್ಸೆಂಟ್ ತಪ್ಪಿದರೂ ಅಕ್ಷರಗಳು ಕಲಸಿಹೋಗುತ್ತವೆ.

ಅದರ ಬದಲು ಹೊರಗೆ ನಿಖರವಾಗಿ ಮಿಡಿಯುವ ಕ್ರಿಸ್ಟಲ್ ಕೂರಿಸಬೇಕು. ಬೇಕಾಗುವುದು ಒಂದು 16 ಮೆಗಾಹರ್ಟ್ಸ್ ಕ್ರಿಸ್ಟಲ್ ಮತ್ತು ಎರಡು 22 ಪಿಕೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಚಿಲ್ಲರೆ ಕಾಸಿಗೆ ಸಿಗುತ್ತವೆ. ಕೆಪಾಸಿಟರ್ ಮೇಲಿನ ನಂಬರ್ ಮಾತ್ರ ಓದಿ ತನ್ನಿ. 22 ಅಥವಾ 220 ಅಂತಿದ್ದರೆ ಸರಿ. 223 ಅಂತಿದ್ದರೆ ಅದು 22 ನ್ಯಾನೋ, ಸಾವಿರ ಪಟ್ಟು ಜಾಸ್ತಿ. ಕ್ರಿಸ್ಟಲ್ ಮಿಸುಕುವುದೇ ಇಲ್ಲ.

22 ಯಾಕೆ? ಕ್ರಿಸ್ಟಲ್‌ಗೆ ಇಂತಿಷ್ಟು ಲೋಡ್ ಬೇಕು ಅಂತ ಇರುತ್ತದೆ. ಅದು 18 ಪಿಕೋಫ್ಯಾರಡ್ ಅಂತಿಟ್ಟುಕೊಳ್ಳಿ. ಪಿನ್ನು, ತಂತಿ, ಬೋರ್ಡು ಸೇರಿ ಸುಮಾರು 5 ತಾವೇ ಕೊಡುತ್ತವೆ. ಕ್ರಿಸ್ಟಲ್‌ಗೆ ಎರಡು ಕೆಪಾಸಿಟರ್ ಸರಣಿಯಲ್ಲಿ ಕಾಣುವುದರಿಂದ ಒಂದೊಂದೂ ಉಳಿದ 13ರ ಎರಡರಷ್ಟು, ಅಂದರೆ 26. 22 ಹಾಕಿದರೂ ನಡೆಯುತ್ತದೆ, 27 ಹಾಕಿದರೂ ನಡೆಯುತ್ತದೆ.

28 ಕಾಲಿನ ಚಿಪ್ಪಿನಲ್ಲಿ 9 ಮತ್ತು 10ನೇ ಕಾಲಿಗೆ ಕ್ರಿಸ್ಟಲ್. ಯಾವ ಕಡೆ ತಿರುಗಿಸಿದರೂ ಒಂದೇ. ಎರಡೂ ಕಾಲಿಂದ ಒಂದೊಂದು ಕೆಪಾಸಿಟರ್ ಗ್ರೌಂಡಿಗೆ. 8ನೇ ಕಾಲೇ ಗ್ರೌಂಡ್, ಪಕ್ಕದಲ್ಲೇ ಇದೆ, ದೂರ ಎಳೆಯಬೇಡಿ. ಮಾರುದ್ದ ಜಂಪರ್ ತಂತಿಯ ತುದಿಗೆ ಕ್ರಿಸ್ಟಲ್ ನೇತುಹಾಕಿ ಓಡಲಿಲ್ಲ ಅಂದರೆ ಹೇಗೆ ಓಡೀತು ಹೇಳಿ. ಸಪ್ಲೈ 5 ವೋಲ್ಟ್ ಇರಲಿ.

ಇಷ್ಟೆಲ್ಲ ಕೂರಿಸಿದ ಮೇಲೇ ಫ್ಯೂಸ್. ಇದು ಸುಟ್ಟುಹೋಗುವ ತಂತಿಯಲ್ಲ, ಯಾವ ಗಡಿಯಾರ ಬಳಸಬೇಕು ಅಂತ ಚಿಪ್ಪಿನೊಳಗೆ ಬರೆದಿಡುವ ಸೆಟ್ಟಿಂಗ್. ಫ್ಯೂಸ್ ಬರೆದಾಗ ಹೊರಗೆ ಕ್ರಿಸ್ಟಲ್ ಇಲ್ಲದಿದ್ದರೆ ಚಿಪ್ ಕಿವುಡಾಗುತ್ತದೆ, ಪ್ರೋಗ್ರಾಮರ್ ಎಷ್ಟು ಕೂಗಿದರೂ ಓಗೊಡುವುದಿಲ್ಲ. ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರ್ ಹಚ್ಚಿ, ಕಂಪ್ಯೂಟರಿನ ತಂತ್ರಾಂಶ ಎವಿಆರ್‌ಡ್ಯೂಡ್‌ನಲ್ಲಿ ಮೊದಲು ಸುಮ್ನೆ ಸಿಗ್ನೇಚರ್ (ಚಿಪ್ಪಿನ ಗುರುತಿನ ಸಂಖ್ಯೆ) ಓದಿ. 1ಇ 95 0ಎಫ್ ಬರಬೇಕು. ಬರದಿದ್ದರೆ ದೊಡ್ಡಕ್ಷರದ ಬಿ (-B) ಆಯ್ಕೆಗೆ 10 ಕೊಟ್ಟು ವೇಗ ತಗ್ಗಿಸಿ. 1 ಮೆಗಾಹರ್ಟ್ಸ್‌ನಲ್ಲಿ ಓಡುವ ಚಿಪ್ಪಿಗೆ ಅವಸರ ಆಗುವುದಿಲ್ಲ. ಓದಿದ ಮೇಲೆ ಲೋ ಫ್ಯೂಸ್ ಒಂದನ್ನೇ, ಹೆಕ್ಸ್ ಲೆಕ್ಕದಲ್ಲಿ, 62ರಿಂದ ಎಫ್‌ಎಫ್‌ಗೆ ಬದಲಿಸಿ. ಹೈ ಫ್ಯೂಸ್ ಮುಟ್ಟಬೇಡಿ.

ನಾನು ಜಾರಿದ್ದು ಇಲ್ಲೇ. ಫ್ಯೂಸ್ ಆಯ್ಕೆಗಳ ಪಟ್ಟಿಯಲ್ಲಿ 'ಎಕ್ಸ್‌ಟರ್ನಲ್ ಕ್ಲಾಕ್' ಅಂತ ಕಂಡಿತು, ಹೊರಗಿನ ಕ್ರಿಸ್ಟಲ್ ಅಂದರೆ ಇದೇ ಅಲ್ವಾ ಅಂತ ಒತ್ತಿಬಿಟ್ಟೆ. ಅಲ್ಲ. ಅದಕ್ಕೆ ಹೊರಗಿಂದ ತಯಾರಾದ ಸಿಗ್ನಲ್ಲೇ ಬೇಕು. ಚಿಪ್ ಸತ್ತಂತಾಯಿತು. ಎಸೆಯುವ ಮೊದಲು ಒಂದು ಆರ್ಡುಇನೋ ಊನೋ ಬೋರ್ಡ್ ತಗೊಂಡೆ. ಅದರ 9ನೇ ಪಿನ್ನಿನಲ್ಲಿ ಟೈಮರ್ 1ರಿಂದ 1 ಮೆಗಾಹರ್ಟ್ಸ್ ಚೌಕ ಅಲೆ ಹೊರಡಿಸಿ, ಚಿಪ್ಪಿನ 9ನೇ ಕಾಲಿಗೆ ಕೊಟ್ಟೆ. ಎರಡರ ಗ್ರೌಂಡೂ ಸೇರಿಸಿದೆ. ತಕ್ಷಣ ಸಿಗ್ನೇಚರ್ ಬಂತು. ಫ್ಯೂಸ್ ತಿದ್ದಿದೆ.

ಪರೀಕ್ಷೆಗೆ ಕ್ರಿಸ್ಟಲ್ ಕಾಲಿಗೆ ಆಸಿಲೋಸ್ಕೋಪ್ ಇಡಲು ಹೋಗಬೇಡಿ. ಪ್ರೋಬ್ ತಗುಲಿದ್ದಕ್ಕೇ ಆಸಿಲೇಟರ್ ನಿಂತುಹೋಗಬಹುದು. ಪ್ರೋಗ್ರಾಂನಲ್ಲಿ ಎಫ್‌_ಸಿಪಿಯು (ಚಿಪ್ಪಿನ ವೇಗ) 16 ಮಿಲಿಯನ್ ಅಂತ ಹಾಕಿ, ಒಂದು ಸೆಕೆಂಡಿಗೊಮ್ಮೆ ಎಲ್‌ಇಡಿ ಬದಲಾಗುವಂತೆ ಬರೆಯಿರಿ. ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಎಣಿಸಿ. ಸೆಕೆಂಡಿಗೊಮ್ಮೆ ಬದಲಾದರೆ ಕ್ರಿಸ್ಟಲ್ ಓಡುತ್ತಿದೆ. ಹದಿನಾರು ಸೆಕೆಂಡ್ ಹಿಡಿದರೆ ಫ್ಯೂಸ್ ಬರೆದೇ ಇಲ್ಲ, ಚಿಪ್ ಇನ್ನೂ ಹಳೇ 1 ಮೆಗಾಹರ್ಟ್ಸ್‌ನಲ್ಲೇ ಇದೆ.

ಸ್ಟಾರ್ಟರ್ ಡಬ್ಬಿಯಲ್ಲಿ ಕಾಂಟ್ಯಾಕ್ಟರ್ ಬಡಿದಾಗಲೆಲ್ಲ ಬೋರ್ಡು ಅದುರುತ್ತದೆ. ಅದಕ್ಕೆ ಕ್ರಿಸ್ಟಲ್ ಬುಡಕ್ಕೆ ಒಂದು ತೊಟ್ಟು ಸಿಲಿಕೋನ್ ಹಾಕಿದ್ದೇನೆ. ಈಗ ಮಧ್ಯಾಹ್ನ ಎರಡು ಗಂಟೆಗೂ ಮೆಸೇಜ್ ಬರುತ್ತಿದೆ. ಎರಡನೇ ಮಾಡ್ಯೂಲ್ ಡ್ರಾಯರಿನಲ್ಲಿ ಕೂತಿದೆ.