ಭುಜದ ಕೀಲು ಬದಲಿಸುವ ಮುನ್ನ ಕುಳಿಯ ಅಳತೆಯನ್ನು ವಿಚಾರಿಸುವ ಕ್ರಮ

ಹಾಸನ, ಚಿಕ್ಕಮಗಳೂರು ಸೀಮೆಯ ತೋಟಗಳಲ್ಲಿ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ತೋಳಿನ ಮೂಳೆಯ ತಲೆ ಪುಡಿಯಾದವರಿಗೂ, ಕೀಲು ಸವೆದು ಕೈ ಎತ್ತಲಾಗದ ಹಿರಿಯರಿಗೂ ವೈದ್ಯರು ಕೆಲವೊಮ್ಮೆ ಭುಜದ ಕೀಲು ಬದಲಿಸಲು ಸೂಚಿಸುತ್ತಾರೆ. ಆಗ ಮನೆಯವರು ಖರ್ಚನ್ನು ವಿಚಾರಿಸುತ್ತಾರೆಯೇ ಹೊರತು, ಹಾಕಲಿರುವ ಇಂಪ್ಲಾಂಟ್ (ಕೃತಕ ಕೀಲು) ರೋಗಿಯ ಮೂಳೆಗೆ ಹೊಂದುವ ಗಾತ್ರದಲ್ಲಿದೆಯೇ ಎಂದು ಕೇಳುವುದು ಅಪರೂಪ. ಅದನ್ನು ಕೇಳಲೇಬೇಕು.

ಹೆಗಲಿನ ಹಲಗೆಮೂಳೆಯ ಅಂಚಿನಲ್ಲಿ ತೋಳಿನ ಮೂಳೆಯ ತಲೆ ಕೂರುವ, ಗ್ಲೀನಾಯ್ಡ್ ಎಂಬ ಆಳವಿಲ್ಲದ ಕುಳಿ ಇದೆ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿರುವ ಇದರ ಎತ್ತರ ಪಾಶ್ಚಾತ್ಯರ ಮೂಳೆಗಳಲ್ಲಿ ಸರಾಸರಿ 35ರಿಂದ 39 ಮಿ.ಮೀ., ಅಗಲ 25ರಿಂದ 29 ಮಿ.ಮೀ. ಇರುತ್ತದೆ, ಭಾರತೀಯರ ಒಣಮೂಳೆಗಳ ಅಳತೆಗಳಲ್ಲಿ ಎತ್ತರ ಸುಮಾರು 33ರಿಂದ 36, ಅಗಲ ಸುಮಾರು 23ರಿಂದ 25 ಮಿ.ಮೀ. ಕಂಡುಬಂದಿದೆ. ಹೆಂಗಸರಲ್ಲಿ ಇನ್ನೂ ಚಿಕ್ಕದು. ಆದರೆ ಒಂದೇ ಊರಿನ ಇಬ್ಬರ ನಡುವಿನ ವ್ಯತ್ಯಾಸ ಈ ಸರಾಸರಿಗಳ ಅಂತರಕ್ಕಿಂತ ಹೆಚ್ಚಿರಬಹುದಾದ್ದರಿಂದ, 'ನಮ್ಮವರ ಮೂಳೆ ಚಿಕ್ಕದು' ಎಂದು ಊಹಿಸಿ ನಿರ್ಧರಿಸುವುದು ತಪ್ಪು. ಪ್ರತಿಯೊಬ್ಬರಿಗೂ ಅಳತೆಯೇ ಆಧಾರವಾಗಬೇಕು.

ಫ್ರಾನ್ಸಿನ ಡಿಜಾನ್ ನಗರದ ಶಸ್ತ್ರಚಿಕಿತ್ಸಕ ಪಾಲ್ ಗ್ರಾಮಾಂಟ್ 1985ರ ಸುಮಾರಿಗೆ ರೂಪಿಸಿದ ರಿವರ್ಸ್ ವಿಧಾನದಲ್ಲಿ ಈ ಅಳತೆಗೆ ಹೆಚ್ಚಿನ ಮಹತ್ವವಿದೆ. ಅದರಲ್ಲಿ ಸಹಜ ಕೀಲಿಗೆ ತಿರುವುಮುರುವಾಗಿ ಗುಂಡು ಕುಳಿಯ ಕಡೆಗೂ, ಬಟ್ಟಲು ತೋಳಿನ ಕಡೆಗೂ ಹೋಗುತ್ತದೆ. ಕುಳಿಗೆ ಸ್ಕ್ರೂಗಳಿಂದ ಬಿಗಿದು ಗುಂಡನ್ನು ಹಿಡಿಯುವ ತಟ್ಟೆ, ಅಂದರೆ ಬೇಸ್‌ಪ್ಲೇಟ್, ಸಾಮಾನ್ಯವಾಗಿ 25ರಿಂದ 29 ಮಿ.ಮೀ. ವ್ಯಾಸದ್ದಾಗಿರುತ್ತದೆ. 23 ಮಿ.ಮೀ. ಅಗಲದ ಕುಳಿಯ ಮೇಲೆ 29 ಮಿ.ಮೀ. ತಟ್ಟೆ ಕೂತರೆ ಅದರ ಅಂಚಿಗೆ ಮೂಳೆಯ ಆಸರೆ ತಪ್ಪುತ್ತದೆ, ಸ್ಕ್ರೂಗಳಿಗೆ ಬಿಗಿಹಿಡಿತ ಸಿಗುವುದಿಲ್ಲ. ಮೂಳೆಯ ಆಳವೂ ಕಡಿಮೆಯಿದ್ದರೆ ಉದ್ದನೆಯ ಸ್ಕ್ರೂ ಹಿಂಬದಿಗೆ ತೂರಿ ನರಕ್ಕೆ ತಾಗುವ ಅಪಾಯವಿದೆ.

ಹೀಗಾಗಿ ಮೊದಲು ಸಿ.ಟಿ. ಸ್ಕ್ಯಾನ್ ಸರಿಯಾಗಿ ಆಗಬೇಕು. ಮೂಳೆಯನ್ನು ಪದರಪದರವಾಗಿ ತೋರಿಸುವ ಅದರ ಚೂರುಗಳು (ಸ್ಲೈಸ್) 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾಗಿರಲಿ, ಹಲಗೆಮೂಳೆ ಬೆನ್ನೆಲುಬಿನ ಕಡೆಯ ಒಳಅಂಚಿನವರೆಗೂ ಪೂರ್ತಿ ಬರಲಿ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. 1992ರಲ್ಲಿ ಸಂಶೋಧಕ ಫ್ರೀಡ್‌ಮನ್ ಮತ್ತು ಸಂಗಡಿಗರು ಹೇಳಿದ ಕ್ರಮದಂತೆ ಆ ಒಳಅಂಚಿನಿಂದ ಕುಳಿಯ ನಡುವಿಗೆ ಗೆರೆ ಎಳೆದೇ ಕುಳಿ ಹಿಂದಕ್ಕೆ ಎಷ್ಟು ಡಿಗ್ರಿ ವಾಲಿದೆ ಎಂದು ಲೆಕ್ಕ ಹಾಕುತ್ತಾರೆ. ಅಂಚು ಚಿತ್ರದಲ್ಲಿ ಇಲ್ಲದಿದ್ದರೆ ಸ್ಕ್ಯಾನನ್ನು ಮತ್ತೆ ಮಾಡಿಸಬೇಕಾದೀತು. ಫಿಲ್ಮ್ ಸಾಲದು, ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇನ್ನೊಬ್ಬ ವೈದ್ಯರಿಗೆ ತೋರಿಸುವಾಗ ಅವರು ಕಂಪ್ಯೂಟರಿನಲ್ಲಿ ಮೂಳೆಯನ್ನು ತಿರುಗಿಸಿ ನೋಡಲು ಅದೇ ಬೇಕು.

ಬಳಿಕ ಶಸ್ತ್ರಚಿಕಿತ್ಸಕರನ್ನು ಸಂಕೋಚಪಡದೆ ಕೇಳಿ: ಕುಳಿಯ ಎತ್ತರ, ಅಗಲ, ಓರೆ ಎಷ್ಟಿದೆ? ನೀವು ಬಳಸುವ ಬೇಸ್‌ಪ್ಲೇಟಿನ ಅತಿ ಚಿಕ್ಕ ಗಾತ್ರ ಯಾವುದು? ಅದು ಆ ದಿನ ಥಿಯೇಟರಿನಲ್ಲಿ ಇರುತ್ತದೆಯೇ? ಸವೆದ ಕಡೆ ಮೂಳೆ ಕಸಿ ಬೇಕಾದೀತೇ? ಅನೇಕ ಕಡೆ ಇಂಪ್ಲಾಂಟ್ ಸೆಟ್ಟನ್ನು ಹೊರಗಿನಿಂದ ತರಿಸುವುದರಿಂದ ಈ ಮಾತು ಕೆಲವು ದಿನ ಮೊದಲೇ ಆಗಬೇಕು. ರಿವರ್ಸ್ ಕೀಲು ಭುಜದ ಹೊರಬದಿಯ ಡೆಲ್ಟಾಯ್ಡ್ ಸ್ನಾಯುವಿನ ಬಲದಿಂದಲೇ ಕೈ ಎತ್ತಿಸುವುದರಿಂದ ಆ ಸ್ನಾಯು, ಅದರ ನರ ಎರಡೂ ಚೆನ್ನಾಗಿವೆಯೇ ಎಂಬುದನ್ನೂ ಪರೀಕ್ಷಿಸಿಕೊಳ್ಳಿ.

ತುರ್ತಿಲ್ಲದಿದ್ದರೆ ಕಾಫಿ ಕೊಯ್ಲು ಮುಗಿದ ಮೇಲೆ ದಿನ ಗೊತ್ತುಮಾಡುವುದು ಮೇಲು, ಏಕೆಂದರೆ ಆಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿರುತ್ತದೆ. ಮನೆಗೆ ಹೊರಡುವಾಗ ಇಂಪ್ಲಾಂಟಿನ ಗಾತ್ರವಿರುವ ಸ್ಟಿಕ್ಕರನ್ನು ಡಿಸ್ಚಾರ್ಜ್ ಪತ್ರಕ್ಕೆ ಅಂಟಿಸಿಕೊಂಡು ಸಿ.ಡಿ.ಯ ಜೊತೆಗೇ ಇಡಿ. ಮುಂದೆ ಕೀಲನ್ನು ಮತ್ತೆ ತೆರೆಯಬೇಕಾಗಿ ಬಂದರೆ ವೈದ್ಯರು ಮೊದಲು ಕೇಳುವುದು ಅದನ್ನೇ.